ಆರು ಕಾರ್ಡಿಗೆ ಒಂದು ತಾಯಿ

ಸೋಮವಾರ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಗಿರಣಿಗೆ ಒಯ್ಯಬೇಕಾದ ಜೋಳ ಹಸನು ಮಾಡಲೆಂದು ಪಡಸಾಲೆಯಲ್ಲಿ ಕೂತಿದ್ದೆ. ಡಬ್ಬಿಯ ತಳದಲ್ಲಿ ಉಳಿದಿದ್ದ ಜೋಳ ಅದು. ಮೊರಕ್ಕೆ ಸುರುವಿದ ಕೂಡಲೇ ಆ ವಾಸನೆ ಬಂತು... ಮುಗ್ಗಲು ಹಿಟ್ಟು, ಹಳೆಯ ಧೂಳು, ಎಲ್ಲೋ ಸ್ವಲ್ಪ ಹುಳಿಯಾದ ಬೆಲ್ಲ. ಹುಳ ಬಿದ್ದ ಜೋಳದ ವಾಸನೆ. ನಾಲ್ಕಾರು ಕಾಳು ಬಿಳಿಯ ಎಳೆಗೆ ಅಂಟಿಕೊಂಡು ಗಂಟಾಗಿದ್ದವು. ಬೆರಳಿನಿಂದ ಬಿಡಿಸಿದರೆ ಬೂದಿಬಣ್ಣದ ಸಣ್ಣ ಪತಂಗವೊಂದು ಎದ್ದು ಹೋಗಿ ಗೋಡೆಯ ಮೇಲೆ ಕೂತಿತು. ಬೇರೆ ಯಾರಾದರೂ ಹೊಡೆದು ಹಾಕುತ್ತಿದ್ದರು. ನಾನು ಹೊಡೆಯಲಿಲ್ಲ. ಇಂಥ ಪತಂಗವನ್ನು ರೆಕ್ಕೆ ಮುರಿಯದಂತೆ ಗಾಜಿನ ನಳಿಗೆಯಲ್ಲಿ ಹಿಡಿಯುವುದನ್ನು ನನಗೆ ಕಲಿಸಿದವರು ಮೂಲೆಮನೆಯ ಅಕ್ಕ. ಅವರ ನೆನಪು ಬಂತು, ಅದರ ಬೆನ್ನಿಗೇ ಫೋನು ಬಂತು.

ಇಳಕಲ್ಲಿನಿಂದ ಮಗಳು. "ಅವ್ವಾ, ದೊಡ್ಡವ್ವ ಹೋದ್ಲು," ಅಂದಳು. ಅಷ್ಟೇ ಅಂದು ಬಿಕ್ಕತೊಡಗಿದಳು. ದೊಡ್ಡವ್ವ ಅಂದರೆ ಅವಳಿಗೆ ಆ ಮೂಲೆಮನೆಯ ಅಕ್ಕನೇ. ನಸುಕಿನಲ್ಲಿ ಉಸಿರು ಹಿಡಿಯಿತಂತೆ, ಮಗ ದವಾಖಾನೆಗೆ ಒಯ್ಯುವಷ್ಟರಲ್ಲಿ ಮುಗಿದೇಹೋಗಿತ್ತಂತೆ. ಮಧ್ಯಾಹ್ನ ನಾಲ್ಕಕ್ಕೆ ಮಣ್ಣು, ಹೆಂಗಸರ ಸಂಘದವರಿಗೂ ತಿಳಿಸು ಅಂದಳು. ಹೂಂ ಅಂದು ಫೋನು ಇಟ್ಟೆ. ನನಗೆ ಮೊದಲು ಬಂದದ್ದು ಅಳು ಅಲ್ಲ. ಇವಳು ಅವರಿಗಾಗಿ ಇಷ್ಟು ಅಳುತ್ತಾಳಲ್ಲ, ನಾನು ಹೋದ ದಿನವೂ ಇಷ್ಟೇ ಅತ್ತಾಳೇ ಎಂಬ ಯೋಚನೆ ಬಂತು. ಶಿವನ ಮುಂದೆ ಸುಳ್ಳು ಹೇಳಲಾರೆ, ಹಾಗಾಗಿ ಇಲ್ಲಿಯೂ ಹೇಳುವುದಿಲ್ಲ.

ನಮ್ಮದು ಕಮತಗಿ. ಓಣಿ ಹೊರಳುವ ಮೂಲೆಯಲ್ಲಿ ಅಕ್ಕನ ಮನೆ, ಅಲ್ಲಿಂದ ಮೂರನೆಯದು ನಮ್ಮದು. ನಾನು ಸೊಸೆಯಾಗಿ ಬಂದಾಗ ಅವರಿಗೆ ಹತ್ತು ವರ್ಷದ ಮಗನಿದ್ದ. ಅವರ ಯಜಮಾನರು ಬಸ್ಸಿನ ಕಂಡಕ್ಟರು, ದಿನವೆಲ್ಲ ರಸ್ತೆಯ ಮೇಲೆಯೇ ಇರುತ್ತಿದ್ದರು. ಅಕ್ಕ ಹೆಚ್ಚು ಮಾತಿನವರಲ್ಲ, ಅಂಥ ಚೆಲುವೆಯೂ ಅಲ್ಲ. ಆದರೆ ಅವರಿಗೆ ಕೈಗುಣವಿತ್ತು, ಅಥವಾ ಇದೆಯೆಂದು ಊರು ನಂಬಿತ್ತು. ಅವರು ಹೆಪ್ಪು ಹಾಕಿದ ಮೊಸರು ಗಟ್ಟಿಯಾಗುತ್ತದೆ, ಅವರು ಊರಿದ ಹೀರೆಬಳ್ಳಿ ಹಬ್ಬುತ್ತದೆ, ಅವರು ಮುಟ್ಟಿ ಹಾಕಿದ ಉಪ್ಪಿನಕಾಯಿಗೆ ಬೂಸಲು ಬರುವುದಿಲ್ಲ... ನಮ್ಮ ಮನೆಯ ಉಪ್ಪಿನಕಾಯಿಗೆ ಬೂಸಲು ಬಂದ ವರ್ಷ ಅತ್ತೆ ನನ್ನ ಕೈಯನ್ನು ಹಿಡಿದು, ತಿರುವಿ ನೋಡಿ, ಏನೂ ಅನ್ನದೆ ಬಿಟ್ಟಿದ್ದರು. ಬೈದಿದ್ದರೆ ಮರೆತುಬಿಡುತ್ತಿದ್ದೆ.

ಮಗಳು ಹುಟ್ಟಿದ ದಿನ ಅತ್ತೆ ಅವರನ್ನೇ ಕರೆಸಿದರು. ನಮ್ಮ ಕಡೆ ಹುಟ್ಟಿದ ಕೂಸಿಗೆ ಮೊದಲ ಬೆಲ್ಲದ ನೀರು ಯಾರು ನೆಕ್ಕಿಸುತ್ತಾರೋ ಅವರ ಗುಣ ಬರುತ್ತದೆಂದು ನಂಬಿಕೆ. ನಾನು ಹಾಸಿಗೆಯ ಮೇಲೆ ಮಲಗಿ ನೋಡುತ್ತಿದ್ದೆ. ಅಕ್ಕ ಬೆರಳ ತುದಿಯಲ್ಲಿ ಬೆಲ್ಲದ ನೀರು ತೆಗೆದುಕೊಂಡು ಕೂಸಿನ ತುಟಿಗೆ ಮುಟ್ಟಿಸಿದರು. ಕೂಸು ಚಪ್ಪರಿಸಿತು. ಸುತ್ತ ನಿಂತ ಹೆಂಗಸರೆಲ್ಲ ನಕ್ಕರು. ಒಂಬತ್ತು ತಿಂಗಳು ಹೊತ್ತವಳು ನಾನು, ಗುಣ ಬರುವುದು ಅವರದಂತೆ. ಮಗಳಿಗೆ ಮಾತು ಬಂದಾಗ ಅವರನ್ನು ದೊಡ್ಡವ್ವ ಎಂದು ಕರೆದಳು. ಯಾರೂ ಹೇಳಿಕೊಟ್ಟದ್ದಲ್ಲ.

ನನಗೊಂದು ರೂಢಿಯಿದೆ. ಪೂಜೆ ಮುಗಿಸಿ ಕಣ್ಣು ತೆರೆಯುವ ಮೊದಲು, ಶಿವ ಕೊಟ್ಟದ್ದನ್ನು ಎಣಿಸುತ್ತೇನೆ. ನಳದಲ್ಲಿ ನೀರು ಬಂದದ್ದು, ಅತ್ತೆ ರಾತ್ರಿ ನಿದ್ದೆ ಮಾಡಿದ್ದು, ರೊಟ್ಟಿ ಹರಿಯದೆ ಬಂದದ್ದು. ದೊಡ್ಡದೇನೂ ಬೇಡ, ಅವನು ಕೊಡುವುದೇ ಸಣ್ಣ ಸಣ್ಣದಾಗಿ. ಆ ವರ್ಷಗಳಲ್ಲಿ ಮಾತ್ರ ನನ್ನ ಎಣಿಕೆ ಕೆಟ್ಟಿತ್ತು. ಒಂದು ನನ್ನದು ಎಣಿಸಿದರೆ ಮನಸ್ಸು ತಾನಾಗಿಯೇ ಮೂಲೆಮನೆಗೆ ಹೋಗಿ ಅವರದು ಎರಡು ಎಣಿಸಿಕೊಂಡು ಬರುತ್ತಿತ್ತು.

ಮಗಳಿಗೆ ಎಂಟು ತುಂಬಿದ ವರ್ಷ ನಮ್ಮ ಓಣಿಯ ಹೆಂಗಸರ ಸಂಘಕ್ಕೆ ಬಾಗಲಕೋಟೆಯಿಂದ ಒಬ್ಬ ಮೇಡಂ ಬಂದರು. ಕಬ್ಬಿನ ಹುಳಕ್ಕೆ ಔಷಧ ಹೊಡೆಯುವ ಬದಲು ಹೊಲಕ್ಕೆ ಸಣ್ಣ ಕಣಜ ಬಿಡುವ ಪದ್ಧತಿಯಿದೆ, ಆ ಕಣಜವನ್ನು ಮನೆಯಲ್ಲೇ ಬೆಳೆಸಬಹುದು, ಕಲಿಸುತ್ತೇವೆ ಅಂದರು. ಕಣಜವೆಂದರೆ ಕಚ್ಚುವ ಕಣಜವಲ್ಲ. ಕಾಗದದ ಮೇಲೆ ಪೆನ್ನು ಊರಿದರೆ ಬೀಳುವ ಚುಕ್ಕೆಗಿಂತ ಸಣ್ಣದು. ಅದು ಪತಂಗದ ತತ್ತಿಯೊಳಗೆ ತನ್ನ ತತ್ತಿ ಇಡುತ್ತದೆ. ಅದರ ಮರಿ ಆ ತತ್ತಿಯನ್ನು ಒಳಗಿನಿಂದಲೇ ತಿಂದು ಬೆಳೆದು, ತೂತು ಕೊರೆದು ಹೊರಗೆ ಬರುತ್ತದೆ. ಆ ಕಣಜ ಬೆಳೆಸಲು ಮೊದಲು ಪತಂಗದ ತತ್ತಿ ಬೇಕು, ಪತಂಗ ಬೇಕೆಂದರೆ ಜೋಳಕ್ಕೆ ಬೇಕೆಂತಲೇ ಹುಳ ಬಿಡಬೇಕು. ಇದನ್ನು ಕೇಳಿ ನಮ್ಮ ಅತ್ತೆ, "ನಾವು ಹುಟ್ಟಿದಾಗಿಂದ ಜ್ವಾಳದಾಗಿನ ಹುಳಾ ತಗೀತೇವಿ, ಇವರು ಹುಳಾ ಬಿಡಾಕ ಸಾಲೀಗೆ ಹೊಂಟಾರ," ಅಂದರು. ಓಣಿಯೆಲ್ಲ ಆ ಮಾತು ಓಡಾಡಿತು.

ಅಕ್ಕನ ಮನೆಯ ಹಿಂದಿನ ಕೋಣೆಯೇ ಕೆಲಸದ ಕೋಣೆಯಾಯಿತು. ಒಡೆದ ಜೋಳಕ್ಕೆ ಶೇಂಗಾ ಪುಡಿ ಬೆರೆಸಿ ಕಟ್ಟಿಗೆಯ ಪೆಟ್ಟಿಗೆಗೆ ತುಂಬಿ, ಮೇಲೆ ಪತಂಗದ ತತ್ತಿ ಉದುರಿಸಿ, ಬಟ್ಟೆ ಬಿಗಿದು ಇಡುತ್ತಿದ್ದೆವು. ಒಂದೂವರೆ ತಿಂಗಳಿಗೆ ಪತಂಗ ಏಳುತ್ತಿದ್ದವು. ಅವನ್ನು ನಳಿಗೆಯಲ್ಲಿ ಹಿಡಿದು ಜಾಲರಿಯ ಡಬ್ಬಿಗೆ ಹಾಕಿದರೆ ತತ್ತಿ ಉದುರಿಸುತ್ತಿದ್ದವು, ಗಸಗಸೆಗಿಂತ ಸಣ್ಣವು. ಅವನ್ನು ಜರಡಿ ಹಿಡಿದು, ಪತಂಗದ ಮರಿ ಏಳದಂತೆ ನೀಲಿ ದೀಪದ ಕೆಳಗಿಟ್ಟು, ಗೋಂದು ಹಚ್ಚಿದ ಕಾರ್ಡಿನ ಮೇಲೆ ಒಂದೇ ಪದರಾಗಿ ಉದುರಿಸುವುದು. ನೀಲಿ ದೀಪದ ಗುಂಡಿ ಒತ್ತುವಾಗ ನಾನು ಪ್ರತಿಸಲ ಶಿವ ಶಿವ ಅನ್ನುತ್ತಿದ್ದೆ. ಅಕ್ಕ ಅನ್ನುತ್ತಿರಲಿಲ್ಲ. ಔಷಧ ಹೊಡೆದರೆ ಹೊಲದಲ್ಲಿರುವ ಎಲ್ಲ ಜೀವ ಸಾಯುತ್ತವೆ, ಇದರಲ್ಲಿ ಒಂದೇ ಸಾಯುತ್ತದೆ, ಆ ಲೆಕ್ಕ ಶಿವನಿಗೂ ತಿಳಿಯುತ್ತದೆ ಅನ್ನುತ್ತಿದ್ದರು.

ಕೊನೆಗೆ ಬರುವುದೇ ನಾಜೂಕಿನ ಕೆಲಸ. ಹಾಗೆ ಮಾಡಿದ ಆರು ಬಿಳಿ ಕಾರ್ಡುಗಳನ್ನು, ಕಣಜ ಹೊರಬರಲು ಸಿದ್ಧವಾದ ಒಂದು ಕಾರ್ಡಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಾಯಿ ಕಟ್ಟಬೇಕು. ಆ ಒಂದಕ್ಕೆ ನಾವು ತಾಯಿ ಕಾರ್ಡು ಅನ್ನುತ್ತಿದ್ದೆವು. ಆರು ಕಾರ್ಡಿಗೆ ಒಂದು ತಾಯಿ. ಮೂರು ನಾಲ್ಕು ದಿನಕ್ಕೆ ಬಿಳಿ ಕಾರ್ಡು ಸುಟ್ಟ ಗಸಗಸೆಯಂತೆ ಕಪ್ಪಾದರೆ ಕೆಲಸ ಕೈಗೂಡಿತೆಂದು ಅರ್ಥ. ಆ ಕಪ್ಪು ಕಾರ್ಡನ್ನು ತುಂಡು ತುಂಡು ಮಾಡಿ ರೈತರು ಕಬ್ಬಿನ ಎಲೆಯ ಅಡಿಗೆ ಕಟ್ಟುತ್ತಿದ್ದರು.

ನಾನೂ ಅವರಂತೆಯೇ ಕಲಿತೆ, ಅದೇ ಕೋಣೆ, ಅದೇ ಜೋಳ. ಆದರೂ ಅಕ್ಕನ ಕಾರ್ಡು ಅಂಚಿನಿಂದ ಅಂಚಿಗೆ ಒಂದೇ ಸಮ ಕಪ್ಪಾಗುತ್ತಿತ್ತು, ನನ್ನದರಲ್ಲಿ ಅಲ್ಲಲ್ಲಿ ಬಿಳಿ ಉಳಿಯುತ್ತಿತ್ತು. ನಮ್ಮ ಕಾರ್ಡಿನ ಹಿಂದೆ ಯಾರು ಮಾಡಿದ್ದೆಂದು ಪೆನ್ಸಿಲ್ಲಿನಿಂದ ಗುರುತು ಹಾಕುವ ಪದ್ಧತಿ. ಆರು ತಿಂಗಳಲ್ಲಿ ರೈತರು ಬಾಗಿಲಲ್ಲಿ ನಿಂತು, "ಮೂಲಿಮನಿ ಅಕ್ಕಾರ ಕೈಯಾಂದು ಕೊಡ್ರಿ," ಅನ್ನತೊಡಗಿದರು. ನಾನು ಅಲ್ಲೇ ಕೂತಿರುತ್ತಿದ್ದೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು. ನನ್ನ ಮುಖ ಅರ್ಧ ಮುಚ್ಚಿರುತ್ತಿತ್ತು, ಅದೊಂದು ದಯೆ.

ಸಾಲೆ ಬಿಟ್ಟ ಕೂಡಲೇ ಮಗಳು ಪಾಟಿಚೀಲ ನಮ್ಮ ಕಟ್ಟೆಗೆ ಒಗೆದು ಮೂಲೆಮನೆಗೆ ಓಡುತ್ತಿದ್ದಳು. ಅಲ್ಲಿ ಮೇಡಂ ಕೊಟ್ಟ ಭೂತಗನ್ನಡಿಯಿತ್ತು. ಒಂದು ದಿನ ನಾನು ಹೋದಾಗ ಅಕ್ಕ ಮಗಳನ್ನು ತೊಡೆಗೆ ಒರಗಿಸಿಕೊಂಡು ಕಾರ್ಡು ತೋರಿಸುತ್ತಿದ್ದರು. ನನಗೂ ಕನ್ನಡಿ ಕೊಟ್ಟರು. ಕಣಜವೊಂದು ಒಂದು ತತ್ತಿಯ ಮೇಲೆ ಹತ್ತಿ, ಮೀಸೆಯಿಂದ ತಟ್ಟಿ ತಟ್ಟಿ ನೋಡಿ, ಇಳಿದು ಮುಂದಿನ ತತ್ತಿಗೆ ಹೋಯಿತು. ಯಾಕೆ ಬಿಟ್ಟಳು ಅಂದೆ. ಅಲ್ಲಿ ಆಗಲೇ ಬೇರೊಬ್ಬಳು ಇಟ್ಟಿದ್ದಾಳೆ, ಮುಟ್ಟಿದರೆ ಅವಳಿಗೆ ಗೊತ್ತಾಗುತ್ತದೆ ಅಂದರು. ಜಾಗವಿರುವತನಕ ಒಬ್ಬಳ ತತ್ತಿಗೆ ಇನ್ನೊಬ್ಬಳು ಕೈ ಹಾಕುವುದಿಲ್ಲವಂತೆ. ತಾಯಂದಿರು ಹೆಚ್ಚಾಗಿ ಖಾಲಿ ತತ್ತಿ ಸಿಗದಿದ್ದರೆ ಮಾತ್ರ ಇಟ್ಟದ್ದರ ಮೇಲೆಯೇ ಇಡುತ್ತಾರಂತೆ.

"ಒಂದು ತತ್ತ್ಯಾಗ ಒಂದ ಕೂಸಿನ ಊಟ ಇರ್ತೈತಿ, ತಂಗಿ," ಅಂದರು. "ಇಬ್ಬರು ಇಟ್ರ ಎರಡೂ ಅರೆಹೊಟ್ಟಿಲೆ ಬೆಳೀತಾವ. ಸಾಯೂವು ಸಾಯ್ತಾವ, ಬದಕಿದ್ದಕ್ಕ ರೆಕ್ಕಿ ಬರಂಗಿಲ್ಲ."

ಕೇಳಿಸಿತು. ಆದರೆ ನಾನು ಆಗ ನೋಡುತ್ತಿದ್ದದ್ದು ಕಾರ್ಡನ್ನಲ್ಲ, ಅವರ ತೊಡೆಯ ಮೇಲೆ ಇದ್ದ ಮಗಳ ಕೈಯನ್ನು. ಮನೆಗೆ ಬಂದು ಅವಳ ಜಡೆ ಬಿಚ್ಚಿ ಮತ್ತೆ ಹೆಣೆದೆ, ಬೇಕಾಗಿರಲಿಲ್ಲ. ಸ್ವಲ್ಪ ಬಿಗಿಯಾಯಿತೆಂದು ಅತ್ತಳು.

ಇಲ್ಲಿ ನನ್ನದೊಂದು ಗುಣ ಹೇಳಬೇಕು. ತವರಿನಲ್ಲಿ ನನಗೆ ಕಲಿಸಿದ್ದು, ಅಳೆದ ಮೇಲೆ ಕೊಸರು ಹಾಕದಿದ್ದರೆ ಅಳೆದದ್ದು ಮೈಗೆ ಹತ್ತುವುದಿಲ್ಲವೆಂದು. ಸೇರು ತುಂಬಿದ ಮೇಲೆ ಒಂದು ಹಿಡಿ ಮೇಲೆ. ಬೇಳೆಗೆ, ಅಕ್ಕಿಗೆ, ಜಂಗಮರ ಜೋಳಿಗೆಗೆ, ಪಕ್ಕದ ಮನೆಗೆ ಕೊಡುವ ಸಕ್ಕರೆಗೆ... ಕೈ ತಾನಾಗಿಯೇ ಹೋಗುತ್ತದೆ. ಕೋಣೆಯಲ್ಲಿಯೂ ಶೇಂಗಾ ಪುಡಿಗೆ ಕೊಸರು ಹಾಕಿ ಅಕ್ಕನಿಂದ ಅನ್ನಿಸಿಕೊಂಡಿದ್ದೆ.

ಆ ಹೊತ್ತಿಗೆ ಮೂಲೆಮನೆಯ ಅಕ್ಕನ ಒಡಹುಟ್ಟಿದವಳ ಮೊಮ್ಮಗನ ಜವಳ, ಮೊದಲ ಕೂದಲು ತೆಗೆಸುವ ಶಾಸ್ತ್ರ, ಮಹಾಕೂಟದಲ್ಲಿತ್ತು. ಅಕ್ಕ ಐದು ದಿನ ಅಲ್ಲೇ ಹತ್ತಿರದ ಬಾದಾಮಿಯಲ್ಲಿ ಉಳಿಯಬೇಕಾಗಿ ಬಂತು. ಅದೇ ವಾರ ಹೊಳೆದಂಡೆಯ ದೊಡ್ಡ ಕಬ್ಬಿನ ಹೊಲದ ಕಾಕಾ ಕಾರ್ಡು ಕೇಳಿದ್ದರು. ಎಳೆ ಕಬ್ಬು, ಸುಳಿ ಕೊರೆಯುವ ಹುಳ ಆಗಲೇ ತತ್ತಿ ಇಟ್ಟಿತ್ತು. ಅವರು ನಮ್ಮನ್ನು ನಂಬಿ ಆ ಸಲ ಔಷಧವನ್ನು ತರಿಸಿರಲೇ ಇಲ್ಲ. ಅಕ್ಕ ಕೋಣೆಯ ಕೀಲಿಯನ್ನು ನನ್ನ ಕೈಯಲ್ಲಿಟ್ಟು, "ಆರಕ್ಕ ಒಂದು, ತಂಗಿ. ಕೊಸರು ಬ್ಯಾಡ," ಅಂದರು. ನಕ್ಕುಕೊಂಡೇ ಅಂದದ್ದು. ನನಗೆ ಮಾತ್ರ ಆ ನಗು ಮೊಳಕೈಗೆ ಪೆಟ್ಟಾದಂತೆ ಮೇಲಿನತನಕ ಜುಮ್ಮೆಂದಿತು.

ಕೋಣೆಯಲ್ಲಿ ಒಬ್ಬಳೇ ಕೂತು ಮೊದಲ ಚೀಲಕ್ಕೆ ಆರು ಕಾರ್ಡು ಹಾಕಿದೆ, ಒಂದು ತಾಯಿ ಹಾಕಿದೆ. ನೋಡಿದೆ. ಇಷ್ಟು ತತ್ತಿಗೆ ಅಷ್ಟೇ ತಾಯಂದಿರು ಹೇಗೆ ಸಾಕಾದಾರು, ಅದಕ್ಕೇ ನನ್ನ ಕಾರ್ಡಿನಲ್ಲಿ ಬಿಳಿ ಉಳಿಯುವುದು ಅನ್ನಿಸಿತು. ಇನ್ನೊಂದು ತಾಯಿ ಹಾಕಿದೆ. ಬಾಯಿ ಕಟ್ಟುವ ಮೊದಲು ರೂಢಿಯಂತೆ ಕೈ ಮತ್ತೊಂದಕ್ಕೆ ಹೋಯಿತು. ಹೀಗೆ ಎಲ್ಲ ಚೀಲಕ್ಕೂ ಮೂರು ಮೂರು. ಕೇಳಿದವರಿಗೆ ಕೊಸರು ಅನ್ನಬಹುದಿತ್ತು. ಆದರೆ ಆ ಹೊತ್ತಿಗೆ ನನ್ನ ಮನಸ್ಸಿನಲ್ಲಿದ್ದ ಮಾತು ಬೇರೆ. ಅವರಿಗಿಂತ ಕಪ್ಪು ಬರಲಿ, ಒಂದೇ ಒಂದು ಸಲ ಅವರಿಗಿಂತ ಕಪ್ಪು ಬರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಶಿವನಿಗೆ ಇಂಥದ್ದನ್ನೂ ಬೇಡುತ್ತಾರೆ ನೋಡಿ.

ಬಂತು. ಎರಡೇ ದಿನಕ್ಕೆ ಕಪ್ಪಾಗತೊಡಗಿತು. ಮೂರನೆಯ ದಿನ ಒಂದು ಬಿಳಿ ಚುಕ್ಕೆಯಿಲ್ಲ, ಹಂಚಿನ ತಳದಂಥ ಕಪ್ಪು. ಅತ್ತೆಗೆ ತಂದು ತೋರಿಸಿದೆ. ಅವರು ಕಣ್ಣಿನ ಹತ್ತಿರ ಹಿಡಿದು ನೋಡಿ, ನಿನಗೂ ಕೈ ಬಂತು ಬಿಡು ಅಂದರು. ಮದುವೆಯಾಗಿ ಹನ್ನೊಂದು ವರ್ಷಕ್ಕೆ. ಮಗಳು ತನ್ನ ಗೆಳತಿಯರನ್ನು ಕರೆದುಕೊಂಡು ಬಂದು, ನಮ್ಮವ್ವ ಮಾಡಿದ್ದು ಎಂದು ತೋರಿಸಿದಳು. ಆ ರಾತ್ರಿಯ ಊಟ ನನಗೆ ಈಗಲೂ ನೆನಪಿದೆ, ಬರೀ ಪುಂಡಿಪಲ್ಲೆ ರೊಟ್ಟಿ, ಹಬ್ಬದಂತೆ ಉಂಡೆ. ಮರುದಿನ ಕಾಕಾ ಕಾರ್ಡು ಒಯ್ದರು. ಅದರ ಮರುದಿನ ಅಕ್ಕ ಬಂದರು, ಅಮೀನಗಡದಲ್ಲಿ ಇಳಿದು ಮಗಳಿಗೆಂದು ಕರದಂಟು ತಂದಿದ್ದರು. ಅತ್ತೆ ಕಾರ್ಡಿನ ವರ್ಣನೆ ಮಾಡಿದರು. ಎರಡು ದಿನಕ್ಕೇ ಕಪ್ಪಾಯಿತು ಅಂದಾಗ ಅಕ್ಕ ನನ್ನತ್ತ ತಿರುಗಿ, ಎಷ್ಟಕ್ಕೆ ಎಷ್ಟು ಇಟ್ಟಿದ್ದಿ ಎಂದು ಕೇಳಿದರು. ನೀವು ಹೇಳಿದಷ್ಟೇ ಅಂದೆ. ಅವರು ಕರದಂಟಿನ ಪೊಟ್ಟಣ ಬಿಚ್ಚಿ ಮಗಳ ಕೈಗೆ ಕೊಟ್ಟರು.

ವಾರವಾದ ಮೇಲೆ ಕಾಕಾ ಬಂದರು. ಕೈಯಲ್ಲಿ ಉಪ್ಪಿನಕಾಯಿಯ ಸಣ್ಣ ಬಾಟಲಿ, ಒಳಗೆ ನಮ್ಮ ಕಾರ್ಡಿನ ತುಂಡು. ಸಿಟ್ಟಿಗಿಂತ ಹೆಚ್ಚಾಗಿ ಕಂಗಾಲಾಗಿದ್ದರು. ಹೊಲದ ಒಂದು ಮಗ್ಗುಲಿನ ಸುಳಿಯೆಲ್ಲ ಒಣಗಿತ್ತು, ಎಳೆದರೆ ಕೈಗೆ ಬರುತ್ತಿತ್ತಂತೆ, ಕೊಳೆತ ವಾಸನೆಯಂತೆ.

"ಅಕ್ಕಾರ, ಇವಕ್ಕ ರೆಕ್ಕಿನ ಇಲ್ರಿ," ಅಂದರು. "ಇರುವಿ ಹರಿದಾಡಿದಂಗ ಹರಿದಾಡ್ತಾವ, ಹಾರಂಗಿಲ್ಲ. ಅರ್ಧಾ ತತ್ತಿಗೆ ತೂತ ಬಿದ್ದಿಲ್ಲ."

ಸಂಘದ ನಾಲ್ಕು ಜನ ಅಲ್ಲಿದ್ದೆವು. ಅತ್ತೆಯೂ ಬಂದಿದ್ದರು. ಮಗಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅಕ್ಕ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು ಕನ್ನಡಿಯಲ್ಲಿ ಬಹಳ ಹೊತ್ತು ನೋಡಿದರು. ಅದರ ಹಿಂದೆ ನನ್ನ ಪೆನ್ಸಿಲ್ ಗುರುತಿತ್ತು. ಹೇಳಬೇಕು, ಈಗಲೇ ಹೇಳಬೇಕು ಎಂದುಕೊಂಡೆ. ಅಕ್ಕ ಕನ್ನಡಿ ಕೆಳಗಿಟ್ಟು ನನ್ನನ್ನು ಒಂದು ಸಲ ನೋಡಿದರು, ಆಮೇಲೆ ಬಾಗಿಲ ಕಡೆ ನೋಡಿದರು.

"ನಂದ ತಪ್ಪು, ಕಾಕಾ. ಊರಿಗೆ ಹೋಗೂ ಗಡಿಬಿಡ್ಯಾಗ ತಾಯಿ ಹೆಚ್ಚಿಗಿ ಇಡು ಅಂತ ಆಕಿಗೆ ಹೇಳಿ ಹೋದೆ. ಆಕಿ ಹೇಳಿದಂಗ ಮಾಡ್ಯಾಳ."

ನಾನು ಅಲ್ಲ ಅನ್ನಲಿಲ್ಲ. ಅತ್ತೆ ನನ್ನ ಬೆನ್ನ ಮೇಲೆ ಕೈಯಿಟ್ಟರು, ಸಮಾಧಾನ ಮಾಡುವವರಂತೆ. ಕಾಕಾ ಬಾಟಲಿಯನ್ನು ಅಲ್ಲೇ ಬಿಟ್ಟು ಹೋದರು. ಆಮೇಲೆ ಅವರು ಔಷಧ ಹೊಡೆಸಿದರೆಂದು ತಿಳಿಯಿತು.

ಮನೆಗೆ ಬರುವಾಗ ಮಗಳು ನನ್ನ ಕೈ ಹಿಡಿದುಕೊಂಡಳು. ಮೂಲೆಮನೆಯಿಂದ ಬರುವಾಗ ಅವಳು ಹಾಗೆ ಹಿಡಿದದ್ದು ಅದೇ ಮೊದಲು. "ತಪ್ಪು ನಿಂದಲ್ಲಲ್ಲವ್ವಾ," ಅಂದಳು. ಮುಖವೆತ್ತಿ ನೋಡಿದಳು. ಆ ನೋಟದಲ್ಲಿ ನಾನು ದೊಡ್ಡವ್ವನಿಗಿಂತ ಒಂದು ಮೆಟ್ಟಿಲು ಮೇಲಿದ್ದೆ. ಎಷ್ಟೋ ವರ್ಷ ಹಂಬಲಿಸಿದ್ದು ಅದನ್ನೇ. ಅದಕ್ಕಾಗಿ ಬಾಯಿ ಬಿಡಲಿಲ್ಲ, ಅಂದೂ, ಮರುದಿನವೂ, ಅದಾದ ಮೇಲೆ ಯಾವತ್ತೂ.

ಅಕ್ಕನ ಉಪಕಾರ ನೆನೆಯಬೇಕಾಗಿತ್ತು. ನೆನೆಯಲಿಲ್ಲ. ತಪ್ಪು ನನ್ನದು, ಅದನ್ನು ಹೊರುವ ಪುಣ್ಯವೂ ಅವರ ಪಾಲಿಗೇ ಹೋಯಿತಲ್ಲ ಎಂದು ಇನ್ನಷ್ಟು ಕುದಿದೆ. ಹೊಟ್ಟೆಕಿಚ್ಚಿಗೆ ಇಂಥದ್ದೇ ಉರುವಲು ಬೇಕೆಂದಿಲ್ಲ, ಒಳ್ಳೆಯತನ ಹಾಕಿದರೂ ಉರಿಯುತ್ತದೆ.

ರೈತರು ಅಕ್ಕನ ಕೈಯದು ಕೊಡಿ ಅನ್ನುವುದನ್ನು ಬಿಟ್ಟರು. ಒಂದು ದಿನ ಅವರೇ ಕೀಲಿ ತಂದು ಕೊಟ್ಟು, ಈ ಧೂಳು ನನಗೆ ಆಗಿಬರುತ್ತಿಲ್ಲ, ಇನ್ನು ನೀನೇ ನೋಡಿಕೋ ಅಂದರು. ಕೆಮ್ಮು ಖರೆಯೇ ಇತ್ತು. ಪತಂಗದ ರೆಕ್ಕೆಯ ಪುಡಿ ಎದೆಗೆ ಇಳಿದಿತ್ತು. ಅವರು ಮೂಗಿಗೆ ಬಟ್ಟೆ ಕಟ್ಟುವುದನ್ನು ನಮಗೆ ಹೇಳುತ್ತಿದ್ದರೇ ಹೊರತು ತಾವು ನೆಟ್ಟಗೆ ಕಟ್ಟಿಕೊಳ್ಳುತ್ತಿರಲಿಲ್ಲ.

ಕೀಲಿ ನನ್ನ ಸೊಂಟಕ್ಕೆ ಬಂತು. ನಾನು ಆರಕ್ಕೆ ಒಂದರಂತೆ ಇಟ್ಟೆ, ಬೆರಳು ಇನ್ನೊಂದಕ್ಕೆ ಹೋದರೆ ಇನ್ನೊಂದು ಕೈಯಿಂದ ಹಿಡಿದೆ. ಕಾರ್ಡನ್ನು ದಿನಕ್ಕೊಮ್ಮೆ ತಿರುವಿ ಇಟ್ಟೆ, ಅವರು ಇಡುತ್ತಿದ್ದಂತೆ. ಒಂದು ತಿಂಗಳಿಗೆ ನನ್ನ ಕಾರ್ಡೂ ಅಂಚಿನಿಂದ ಅಂಚಿಗೆ ಒಂದೇ ಸಮ ಬಂತು, ಕಣಜಗಳು ಹೊಗೆಯಂತೆ ಎದ್ದು ಹಾರಿದವು. ಆಗ ತಿಳಿಯಿತು. ಅದು ಕೈಗುಣವಲ್ಲ. ಸಾಕು ಅನ್ನುವಲ್ಲಿ ಅವರು ಕೈ ನಿಲ್ಲಿಸುತ್ತಿದ್ದರು, ಅಷ್ಟೇ. ನನಗೆ ಅದು ಬರುತ್ತಿರಲಿಲ್ಲ. ಇಷ್ಟು ವರ್ಷ ಶಿವ ಅವರಿಗೆ ಕೊಟ್ಟು ನನಗೆ ಕೊಡಲಿಲ್ಲವೆಂದು ಕೊರಗಿದ್ದು ಯಾರು ಬೇಕಾದರೂ ಕಲಿಯಬಹುದಾದ ಒಂದು ಲೆಕ್ಕಕ್ಕಾಗಿ... ನನ್ನ ಕಾರ್ಡು ಚೆನ್ನಾಗಿ ಬಂದರೂ ಯಾರೂ ನನ್ನ ಕೈಗುಣ ಅನ್ನಲಿಲ್ಲ. ಅನ್ನಲಿ ಎಂದು ನಾಲ್ಕು ವರ್ಷ ಕಾದೆ. ಆಮೇಲೆ ಸಂಘ ಆ ಕೆಲಸವನ್ನೇ ಬಿಟ್ಟಿತು.

ತಮ್ಮ ಯಜಮಾನರು ನಿವೃತ್ತರಾದ ಮೇಲೆ ಅಕ್ಕ ಇಳಕಲ್ಲಿಗೆ ಮಗನ ಹತ್ತಿರ ಹೋದರು. ಅವನದು ಅಲ್ಲಿ ಸೀರೆ ಅಂಗಡಿ. ನನಗೆ ಹಗುರವಾಯಿತು. ಶಿವನ ಲೀಲೆ ನೋಡಿ, ನಮ್ಮ ಮಗಳಿಗೆ ಒಳ್ಳೆಯ ಸಂಬಂಧ ಕೂಡಿಬಂದದ್ದೂ ಇಳಕಲ್ಲಿನಲ್ಲೇ, ಅವರ ಮನೆಯಿಂದ ಎರಡು ಓಣಿ ಆಚೆ. ವಾರಕ್ಕೊಮ್ಮೆ ನನಗೆ ಫೋನು, ದಿನಾ ದೊಡ್ಡವ್ವನ ಮನೆಗೆ ಸುತ್ತು. ಫೋನಿನಲ್ಲಿಯೂ ದೊಡ್ಡವ್ವ ಹಾಗಂದಳು, ದೊಡ್ಡವ್ವ ಹೀಗೆ ಮಾಡಿದಳು... ನಾನು ಹೂಂ ಹೂಂ ಅನ್ನುತ್ತ ಮೆಂತ್ಯೆ ಸೋಸುತ್ತಿದ್ದೆ. ತಾಸು ಹೊತ್ತಿನ ಬಸ್ಸು. ನಾನು ಮಗಳ ಮನೆಗೆ ಹೋದಾಗಲೆಲ್ಲ ಅವರಿಗೆ ಹುಷಾರಿಲ್ಲವೆಂದು ಕೇಳುತ್ತಿದ್ದೆ, ಮುಂದಿನ ಸಲ ಹೋದರಾಯಿತು ಎಂದು ತಿರುಗಿ ಬರುತ್ತಿದ್ದೆ.

ಕೊನೆಯ ಸಲ ಅವರು ಕಮತಗಿಗೆ ಬಂದದ್ದು ನನ್ನ ಮೊಮ್ಮಗನ ತೊಟ್ಟಿಲಿಗೆ. ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಎರಡು ಸಲ ನಿಂತರು. ಹುಟ್ಟಿದ ದಿನ ದವಾಖಾನೆಯ ನರ್ಸು ತಾಯಿ ಹಾಲು ಬಿಟ್ಟು ಏನೂ ಮುಟ್ಟಿಸಗೊಟ್ಟಿರಲಿಲ್ಲ. ಅದಕ್ಕೇ ಶಾಸ್ತ್ರಕ್ಕೆಂದು ಅಂದು ತುಟಿಗೆ ಬೆಲ್ಲ ಸೋಕಿಸುವುದೆಂದಾಗಿತ್ತು. ಮಗಳು ಬಟ್ಟಲು ಹಿಡಿದುಕೊಂಡು ನೇರವಾಗಿ ಅವರ ಹತ್ತಿರ ಹೋದಳು. ನಾನು ಅಡುಗೆಮನೆಯ ಬಾಗಿಲಲ್ಲಿ ಹೋಳಿಗೆಯ ಹೂರಣದ ಕೈಯಲ್ಲಿ ನಿಂತಿದ್ದೆ. ಮೂವತ್ತು ವರ್ಷದ ಹಿಂದಿನ ಹಾಸಿಗೆಗೇ ಮತ್ತೆ ಹೋಗಿ ಬಿದ್ದಂತಾಯಿತು. ಅಕ್ಕ ಬಟ್ಟಲು ತೆಗೆದುಕೊಂಡು, ನಿಧಾನವಾಗಿ ಎದ್ದು, ಗೋಡೆ ಹಿಡಿದು ನನ್ನ ಹತ್ತಿರ ಬಂದರು.

"ನೀನ ಮುಟ್ಟಸು, ತಂಗಿ," ಅಂದರು. "ನೀ ಇದ್ದಲ್ಲೆ ನಾ ಯಾಕ?"

ಕೈ ತೊಳೆದು ಮುಟ್ಟಿಸಿದೆ. ಕೂಸು ಚಪ್ಪರಿಸಿತು. ಅಕ್ಕ ಆಮೇಲೆ ಅಡುಗೆಮನೆಗೆ ಬಂದು ಒಲೆಯ ಪಕ್ಕದ ಮಣೆಯ ಮೇಲೆ ಕೂತರು. ಇಬ್ಬರೇ ಇದ್ದೆವು. ಅಂದು ಹೇಳಬಹುದಿತ್ತು. ಅವರು ಕೇಳಲಿಕ್ಕೆಂದೇ ಕೂತಿದ್ದರೇನೋ, ಉಸಿರಿಗಾಗಿ ಕೂತಿದ್ದರೇನೋ... ನನಗೋ ಇನ್ನೂ ಆ ಬಟ್ಟಲಿನದೇ ಚಿಂತೆ. ನನ್ನ ಮೊಮ್ಮಗನನ್ನು ನನಗೇ ದಾನ ಕೊಟ್ಟರಲ್ಲ ಎಂದು. ಹೋಳಿಗೆ ತೆಳ್ಳಗೆ ಬರುತ್ತಿದೆಯೇ ನೋಡಿ ಅಂದೆ. ಭಾಳ ಚಂದ ಬಂದಾವ ಅಂದರು.

ಸುದ್ದಿ ಬಂದ ಆ ಸೋಮವಾರ ಸಂಘದ ಹಳೆಯ ನಾಲ್ಕು ಜನ ಸೇರಿ ಹನ್ನೊಂದರ ಬಸ್ಸಿಗೆ ಹೋದೆವು. ಕೂರಲು ಜಾಗ ಸಿಕ್ಕಿತು, ದಯೆ. ಅಮೀನಗಡದಲ್ಲಿ ಬಸ್ಸು ನಿಂತಾಗ ಕರದಂಟಿನ ಪೊಟ್ಟಣ ಕಿಟಕಿಗೆ ಬಂತು, ನಾನು ಮುಖ ತಿರುಗಿಸಿದೆ.

ಅಕ್ಕನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು, ಹಣೆಯ ತುಂಬ ವಿಭೂತಿ, ಅಂಗೈಯಲ್ಲಿ ಲಿಂಗ. ಆ ಕೈಯನ್ನೇ ನೋಡುತ್ತ ನಿಂತೆ. ಸಣ್ಣ ಕೈ. ಮಗಳು ಅವರ ಮೊಳಕಾಲಿಗೆ ತಲೆ ಹಚ್ಚಿ ಕೂತಿದ್ದಳು, ಎಂಟು ವರ್ಷದವಳಿದ್ದಾಗ ಕೂತಂತೆ. ನನ್ನನ್ನು ನೋಡಿ ಪಕ್ಕಕ್ಕೆ ಸರಿದು ಜಾಗ ಮಾಡಿದಳು. ನಮ್ಮ ಜೊತೆ ಬಂದವರಲ್ಲಿ ಹಿರಿಯಳೊಬ್ಬಳು ಅಕ್ಕನ ಗುಣ ಹೇಳಿ ಅಳುತ್ತಿದ್ದಳು. ಎಂಥ ಕೈ, ಎಂಥ ಮನಸ್ಸು ಅಂದಳು. ಅಳುತ್ತಲೇ, ಆ ಕಬ್ಬಿನ ಕಾರ್ಡು ಒಂದು ಕೆಡಿಸಿದ್ದು ಬಿಟ್ಟರೆ ಜನ್ಮದಲ್ಲಿ ಇನ್ನೊಂದು ತಪ್ಪು ಮಾಡಲಿಲ್ಲ ಅಂದಳು. ಸುತ್ತಲಿನವರು ಹೌದೌದು ಅಂದರು.

"ಅದು ಅವರು ಕೆಡಿಸಿದ್ದಲ್ಲ," ಅಂದೆ. "ಆರಕ್ಕ ಒಂದು ಇಡು ಅಂತನ ಹೇಳಿ ಹೋಗಿದ್ರು. ಮೂರು ಇಟ್ಟಾಕಿ ನಾನು."

ದೊಡ್ಡ ದನಿಯಲ್ಲೇ ಅಂದಿರಬೇಕು. ಅಳು ಒಂದು ಗಳಿಗೆ ನಿಂತಿತು. ಹಿರಿಯಳು ಸೆರಗಿನಿಂದ ಮೂಗು ಒರೆಸಿಕೊಂಡು, "ಈಗ್ಯಾಕ ಬಿಡವಾ ಆ ಮಾತು," ಅಂದಳು. ಮತ್ತೆ ಅಳು ಸುರುವಾಯಿತು. ಇಷ್ಟು ವರ್ಷ ಎದೆಯ ಮೇಲೆ ಹೊತ್ತದ್ದು ಕೆಳಗಿಟ್ಟರೆ ಯಾರಿಗೂ ಬೇಕಾಗಿರಲಿಲ್ಲ. ಬೇಕಾಗಿದ್ದವರು ಗೋಡೆಗೆ ಒರಗಿ ಕೂತಿದ್ದರು.

ಮಗಳು ಮಾತ್ರ ನನ್ನನ್ನೇ ನೋಡುತ್ತಿದ್ದಳು. "ದೊಡ್ಡವ್ವ ಎಂದೂ ಹೇಳಲಿಲ್ಲಲ್ಲವ್ವಾ," ಅಂದಳು. ಸಿಟ್ಟಿರಲಿಲ್ಲ. ಅಷ್ಟು ಹೇಳಿ ಆಚೆ ತಿರುಗಿ ಆ ಮೊಳಕಾಲಿಗೇ ಮತ್ತೆ ತಲೆ ಹಚ್ಚಿದಳು. ನನಗೆ ಆಗಲೂ, ಅಲ್ಲಿಯೂ, ಒಳಗೆ ಚುರ್ ಅಂತು.

ಮಣ್ಣು ಮುಗಿಸಿ, ಸಂಜೆಯ ಬಸ್ಸಿಗೆ ನಿಂತಾಗ ಮಗಳು ಬಂದು ಕೈ ಹಿಡಿದಳು, ಬಿಟ್ಟಳು. ಫೋನು ಮಾಡ್ತೇನಿ ಅಂದಳು. ಇವತ್ತಿಗೆ ಮೂರು ದಿನ. ಇನ್ನೂ ಮಾಡಿಲ್ಲ. ನಾನಾಗಿ ಮಾಡಿಲ್ಲ. ಅವಳಿಗೆ ಅಳುವುದಿದೆ, ಅಳಲಿ. ಪೂಜೆಯ ಹೊತ್ತಿಗೆ ಎಣಿಸುವಾಗ ಇವತ್ತು ಬೆಳಿಗ್ಗೆ, ಆಕೆ ಸರಿದು ಜಾಗ ಮಾಡಿಕೊಟ್ಟದ್ದನ್ನು ಎಣಿಸಿದೆ. ಮೂಲೆಮನೆಯ ಕಡೆಗೆ ಮನಸ್ಸು ಹೋಯಿತು. ಅಲ್ಲಿ ಎಣಿಸಲು ಯಾರೂ ಇರಲಿಲ್ಲ.

ಸೋಮವಾರದ ಜೋಳ ಹಾಗೇ ಇತ್ತು. ಅತ್ತೆ ಅದಕ್ಕೆ ತಮ್ಮ ಹಳೆಯ ಸೀರೆ ಮುಚ್ಚಿಟ್ಟಿದ್ದರು. ಗಂಟುಗಳನ್ನು ಆರಿಸಿ ತೆಗೆದೆ, ಕೇರಿದೆ, ಬಿಸಿಲಿಗೆ ಹರವಿ ಮತ್ತೆ ಬಳಿದುಕೊಂಡೆ. ಗಿರಣಿಗೆಂದು ಸೇರಿನಿಂದ ಅಳೆದು ಚೀಲಕ್ಕೆ ಹಾಕಿದೆ. ನಾಲ್ಕನೆಯ ಸೇರಾದ ಮೇಲೆ ಕೈ ತಾನಾಗಿಯೇ ಇನ್ನೊಂದು ಹಿಡಿ ತುಂಬಿಕೊಂಡಿತು. ಸ್ವಲ್ಪ ಹೊತ್ತು ಹಾಗೇ ಹಿಡಿದೆ. ಆಮೇಲೆ ಹಾಕಿದೆ, ಜೋಳ ತಾನೇ. ಚೀಲದ ಬಾಯಿ ಕಟ್ಟಿಕೊಂಡು, ಫೋನನ್ನು ಸೊಂಟಕ್ಕೆ ಸಿಕ್ಕಿಸಿ, ಗಿರಣಿಗೆ ಹೊರಟೆ.